ಆಯಿಯ ಭುಜ, ನಮ್ಮ ಟಾರ್ಕ್ ಲೆಕ್ಕ

ಫಸ್ಟ್ ಇಯರ್‌ನಲ್ಲಿ ಮೆಕ್ಯಾನಿಕ್ಸ್ ಪೇಪರ್ ಬರೆದವರಿಗೆಲ್ಲ ಟಾರ್ಕ್ ಅಂದರೆ ಏನು ಅಂತ ಗೊತ್ತು. ಬಲ ಗುಣಿಸು ದೂರ, ಅಷ್ಟೇ. ನಮಗೂ ಗೊತ್ತಿತ್ತು. ಆದರೂ ಹೋದ ಡಿಸೆಂಬರ್‌ನಲ್ಲಿ ನಾವು ಮೂವರು ಸೇರಿ, ಭುಜದ ಕೀಲು ಬದಲಿಸಿಕೊಂಡು ಇನ್ನೂ ಮೂರು ವಾರ ತುಂಬದ ಒಬ್ಬ ಅಜ್ಜಿಯ ಕೈಗೆ ಒಂದು ಲೀಟರ್ ನೀರಿನ ಬಾಟಲಿ ಕೊಟ್ಟು, "ಕೈ ಚಾಚಿ ಎತ್ತು ಆಯಿ, ಶಕ್ತಿ ಬರತೈತಿ" ಅಂದೆವು. ಈ ಲೇಖನ ಬರೆಯೋಕೆ ಆ ಬಾಟಲಿಯೇ ಕಾರಣ.

ನಾವು ಮೂವರು ಅಂದರೆ ಒಬ್ಬ ಹಾವೇರಿಯವನು, ಒಬ್ಬಳು ರಾಣೆಬೆನ್ನೂರಿನವಳು, ಒಬ್ಬ ಬ್ಯಾಡಗಿಯವನು. ಆಯಿ ಬ್ಯಾಡಗಿಯವನ ಅಜ್ಜಿ. ವಯಸ್ಸು ಅರವತ್ತೆಂಟು. ಸೀಸನ್ನಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸಕ್ಕೆ ಹೋಗುತ್ತಿದ್ದವರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕ ಸುದ್ದಿ ಎಲ್ಲರಿಗೂ ಗೊತ್ತು, ಆದರೆ ಆ ಕೆಂಪು ರಾಶಿಯ ಸುತ್ತ ಕೂತು ದಿನವಿಡೀ ತೊಟ್ಟು ಮುರಿಯೋ ಹೆಂಗಸರ ತೋಳುಗಳ ಬಗ್ಗೆ ಯಾರೂ ಬರೆದಿದ್ದನ್ನು ನಾವು ನೋಡಿಲ್ಲ. ಅದಿರಲಿ. ದೀಪಾವಳಿ ಮುಗಿದ ಮೇಲೆ ಆಯಿ ಹಿತ್ತಲಲ್ಲಿ ಜಾರಿ ಬಿದ್ದರು. ಬಲ ತೋಳಿನ ಮೂಳೆಯ ತಲೆಭಾಗ ನಾಲ್ಕು ಚೂರಾಯ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಕೀಲನ್ನೇ ಬದಲಿಸಿದರು.

ಅದೇ ಹೊತ್ತಿಗೆ ರಾಣೆಬೆನ್ನೂರಿನವಳ ಸೋದರಮಾವನಿಗೂ ಭುಜದ ಕೀಲು ಬದಲಿಸಿ ಐದು ತಿಂಗಳಾಗಿತ್ತು. ಅವರು ನಿವೃತ್ತ ಪಿ.ಟಿ. ಮಾಸ್ತರ್ರು. ದಿನಾ ಬೆಳಿಗ್ಗೆ ಬಾಗಿಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯುತ್ತಾರೆ, ಒಂದು ಕೆ.ಜಿ. ಡಂಬೆಲ್ ಎತ್ತುತ್ತಾರೆ. ಆಯಿಯ ಸುದ್ದಿ ಕೇಳಿ ಫೋನ್‌ನಲ್ಲೇ ಇಡೀ ವ್ಯಾಯಾಮದ ಪಟ್ಟಿ ಹೇಳಿದರು. ಅವರದೂ ಭುಜ, ಇವರದೂ ಭುಜ, ಇಬ್ಬರದೂ ಲೋಹದ ಕೀಲು, ಮತ್ತೇನು ವ್ಯತ್ಯಾಸ ಅಂದುಕೊಂಡೆವು. ಡಂಬೆಲ್ ಇರಲಿಲ್ಲ, ಬಾಟಲಿ ಇತ್ತು.

ಆಯಿ ಅರ್ಧ ಎತ್ತಿ "ಅಯ್ಯೋ ಯವ್ವಾ" ಅಂತ ಕೈಬಿಟ್ಟರು. ಮರುದಿನ ಹಾವೇರಿಗೆ ಕರೆತಂದು ಫಿಸಿಯೊಥೆರಪಿಸ್ಟ್ ಮೇಡಂಗೆ ತೋರಿಸಿದೆವು. ಎಕ್ಸ್‌ರೇ ತೆಗೆಸಿದರು. ಪುಣ್ಯಕ್ಕೆ ಏನೂ ಕದಲಿರಲಿಲ್ಲ. ಮೇಡಂ ನಮ್ಮ ಕಡೆ ತಿರುಗಿ, "ನೀವು ಎಂಜಿನಿಯರಿಂಗ್ ಓದೋರಲ್ರೀ? ಲೋಹ ಅವತ್ತೇ ಕೂತೈತಿ. ಎಲುಬು ಇನ್ನೂ ಕೂಡಿಲ್ಲ. ಯಾವ ಭಾರ ಯಾವಾಗ ಅನ್ನೋ ಲೆಕ್ಕ ಬ್ಯಾಡೇನ್ರಿ?" ಅಂದರು. ಮುಖ ಸಪ್ಪೆಯಾಯ್ತು. ಹಾಸ್ಟೆಲ್‌ಗೆ ಬಂದು ಕೂತು ಆ ಲೆಕ್ಕ ಮಾಡಿದೆವು.

ಮೊದಲು ಕೀಲಿನ ರಚನೆ ನೋಡೋಣ. ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಬಟ್ಟಲಿನೊಳಗೆ ಕೂತಿರುತ್ತದೆ. ಭುಜದಲ್ಲಿ ಬಟ್ಟಲು ಅನ್ನೋದು ಹೆಸರಿಗೆ ಮಾತ್ರ. ಶಾಲೆಯ ಆಟದ ಸ್ಪರ್ಧೆಯಲ್ಲಿ ಬಾಯಲ್ಲಿ ಚಮಚ ಕಚ್ಚಿ, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ನೆನಪಿದೆಯಲ್ಲ? ಭುಜ ಅಂದರೆ ಅದೇ. ತೋಳಿನ ಮೂಳೆಯ ದೊಡ್ಡ ಗುಂಡು, ಹೆಗಲ ಮೂಳೆಯ ಚಿಕ್ಕ, ಆಳವಿಲ್ಲದ ಗುಳಿ. ಅದಕ್ಕೇ ಕೈ ಇಷ್ಟು ದಿಕ್ಕಿಗೆ ತಿರುಗುತ್ತದೆ, ಅದಕ್ಕೇ ಇಷ್ಟು ಸುಲಭವಾಗಿ ಜಾರುತ್ತದೆ ಕೂಡ. ನಿಂಬೆಹಣ್ಣು ಬೀಳದಂತೆ ಹಿಡಿಯೋದು ರೊಟೇಟರ್ ಕಫ್ ಅನ್ನೋ ನಾಲ್ಕು ಸ್ನಾಯುಗಳ ಗುಂಪು. ತೋಳಿನ ಹೊರಗಡೆ ದಪ್ಪಗೆ ಕಾಣುವ ಡೆಲ್ಟಾಯ್ಡ್ ಸ್ನಾಯು ಮೂಳೆಯನ್ನು ಮೇಲಕ್ಕೆ ಎಳೆಯುತ್ತದೆ. ಕಫ್ ಅದನ್ನು ಗುಳಿಯ ಕಡೆ ಒತ್ತಿ ಹಿಡಿಯುತ್ತದೆ. ಎರಡೂ ಸೇರಿದರೆ ಕೈ ತಿರುಗಿ ಮೇಲೇಳುತ್ತದೆ. ಕಫ್ ಕೈಕೊಟ್ಟರೆ ಗುಂಡು ಮೇಲಕ್ಕೆ ಜಾರುತ್ತದೆ, ಕೈ ಏಳೋದಿಲ್ಲ.

ಸೋದರಮಾವನದು ಸವಕಳಿ ಬಂದ ಕೀಲು, ಕಫ್ ಗಟ್ಟಿಯಾಗಿತ್ತು. ಹಾಗಾಗಿ ಅವರಿಗೆ ಮೂಲ ರಚನೆಯಂತೆಯೇ ಲೋಹದ ಗುಂಡು, ಪ್ಲಾಸ್ಟಿಕ್ ಗುಳಿ ಹಾಕಿದ್ದಾರೆ. ಆಯಿಗೆ ಹಾಗೆ ಮಾಡುವಂತಿರಲಿಲ್ಲ. ಕಫ್ ಅಂಟಿಕೊಂಡಿದ್ದ ಮೂಳೆಯೇ ಚೂರಾಗಿತ್ತು. ಅವರಿಗೆ ಹಾಕಿದ್ದು ತಿರುಗುಮುರುಗು ಕೀಲು, ಅಂದರೆ ರಿವರ್ಸ್ ಶೋಲ್ಡರ್. ಗುಂಡು ಹೆಗಲ ಮೂಳೆಗೆ, ಬಟ್ಟಲು ತೋಳಿನ ಮೂಳೆಗೆ. ಫ್ರಾನ್ಸಿನ ದಿಜೋನ್ ಊರಿನ ಸರ್ಜನ್ ಪಾಲ್ ಗ್ರಾಮೋನ್ 1985ರಲ್ಲಿ ಈ ವಿನ್ಯಾಸ ತಂದರು. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2003ರಲ್ಲಿ. ಭುಜಕ್ಕೆ ಕೃತಕ ಕೀಲು ಹಾಕುವ ಪ್ರಯತ್ನ ಇನ್ನೂ ಹಳೆಯದು. 1893ರಲ್ಲಿ ಪ್ಯಾರಿಸ್‌ನಲ್ಲಿ ಝೂಲ್ ಎಮಿಲ್ ಪೆಯಾನ್ ಎಂಬ ಸರ್ಜನ್, ಕ್ಷಯ ತಗುಲಿದ ಭುಜಕ್ಕೆ ಪ್ಲಾಟಿನಂ ಮತ್ತು ರಬ್ಬರಿನ ಕೀಲು ಹಾಕಿದ್ದರು. ಸೋಂಕು ಬಂದು ಎರಡು ವರ್ಷದಲ್ಲಿ ಅದನ್ನು ತೆಗೆಯಬೇಕಾಯ್ತು.

ಗ್ರಾಮೋನ್ ಮಾಡಿದ ಉಪಾಯ ಮೆಕ್ಯಾನಿಕಲ್‌ನವರಿಗೆ ಖುಷಿ ಕೊಡುವಂಥದ್ದು. ಗುಂಡು, ಬಟ್ಟಲು ಅದಲುಬದಲಾದರೆ ತಿರುಗುವ ಕೇಂದ್ರ ಸ್ವಲ್ಪ ಒಳಕ್ಕೂ ಕೆಳಕ್ಕೂ ಸರಿಯುತ್ತದೆ. ಆಗ ಡೆಲ್ಟಾಯ್ಡ್‌ನ ಎಳೆತದ ರೇಖೆಗೂ ಕೇಂದ್ರಕ್ಕೂ ನಡುವಿನ ದೂರ ಹೆಚ್ಚುತ್ತದೆ. ಬಿಗಿಯಾದ ನಟ್ ಬಿಚ್ಚಲು ಉದ್ದ ಹಿಡಿಕೆಯ ಸ್ಪ್ಯಾನರ್ ತಗೊಂಡ ಹಾಗೆ. ಕಫ್ ಇಲ್ಲದಿದ್ದರೂ ಡೆಲ್ಟಾಯ್ಡ್ ಒಂದೇ ಕೈಯನ್ನು ಎತ್ತಬಲ್ಲದು. ಅಂದರೆ ಆಯಿಯ ಕೈಯ ಭವಿಷ್ಯವೆಲ್ಲ ಹೆಚ್ಚುಕಡಿಮೆ ಒಂದೇ ಸ್ನಾಯುವಿನ ಮೇಲೆ ನಿಂತಿದೆ.

ಈಗ ಬಾಟಲಿಗೆ ಬರೋಣ. ಒಂದು ತೋಳಿನ ತೂಕ ದೇಹದ ತೂಕದ ಸುಮಾರು 5 ಶೇಕಡಾ. 60 ಕೆ.ಜಿ. ಇರುವವರಿಗೆ 3 ಕೆ.ಜಿ. ಕೈ ನೇರ ಚಾಚಿದಾಗ ಅದರ ಗುರುತ್ವ ಕೇಂದ್ರ ಭುಜದಿಂದ ಸುಮಾರು 30 ಸೆಂ.ಮೀ. ದೂರ. ಸಾಮಾನ್ಯ ಭುಜದಲ್ಲಿ ಡೆಲ್ಟಾಯ್ಡ್‌ನ ಲಿವರ್ ಸುಮಾರು 3 ಸೆಂ.ಮೀ. ಎಂದಿಟ್ಟುಕೊಳ್ಳಿ. 3 ಗುಣಿಸು 30, ಭಾಗಿಸು 3. ಬರಿಗೈಯನ್ನು ಅಡ್ಡಕ್ಕೆ ಹಿಡಿದು ನಿಲ್ಲೋಕೇ ಸ್ನಾಯು 30 ಕೆ.ಜಿ.ಯಷ್ಟು ಬಲ ಹಾಕಬೇಕು! ಅಂಗೈ ಇರೋದು 60 ಸೆಂ.ಮೀ. ದೂರದಲ್ಲಿ. ಅಲ್ಲಿ 1 ಕೆ.ಜಿ. ಬಾಟಲಿ ಇಟ್ಟರೆ ಇನ್ನೂ 20 ಸೇರಿ 50 ಆಯ್ತು. ರಿವರ್ಸ್ ಕೀಲಿನಲ್ಲಿ ಲಿವರ್ 4 ಸೆಂ.ಮೀ. ಎಂದು ಹಿಡಿದರೂ 37.5. ನಮ್ಮದು ಒಂದೇ ಸ್ನಾಯುವಿನ ಸರಳ ಮಾದರಿ, ನಿಜವಾದ ಭುಜದಲ್ಲಿ ಹತ್ತಾರು ಸ್ನಾಯು ಕೆಲಸ ಮಾಡುತ್ತವೆ, ನಿಜ. ಆದರೆ ಅಂದಾಜು ತಪ್ಪಲ್ಲ. ಬರ್ಲಿನ್‌ನಲ್ಲಿ ಕೃತಕ ಕೀಲಿನೊಳಗೇ ಸೆನ್ಸರ್ ಇಟ್ಟು, ವೈರ್‌ಲೆಸ್‌ನಲ್ಲಿ ಬಲ ಅಳೆದ ಸಂಶೋಧಕರಿದ್ದಾರೆ. ಕೈ ಚಾಚಿ ಚಿಕ್ಕ ಭಾರ ಎತ್ತಿದರೂ ಭುಜದ ಮೇಲೆ ದೊಡ್ಡ ಬಲ ಬೀಳೋದನ್ನು ಅವರು ಬದುಕಿರುವ ಮನುಷ್ಯರಲ್ಲೇ ಕಂಡಿದ್ದಾರೆ.

ಮೂರನೇ ವಾರದಲ್ಲಿ ಆ ಬಲ ಎಲ್ಲಿಗೆ ಹೋಗುತ್ತದೆ? ಆಯಿಯ ವಿಷಯದಲ್ಲಿ, ಲೋಹದ ಕಾಂಡದ ಸುತ್ತ ದಾರದಿಂದ ಹೊಲಿದು ಕೂರಿಸಿದ ಮೂಳೆಯ ಚೂರುಗಳಿಗೆ. ಕಫ್‌ನಲ್ಲಿ ಉಳಿದಿದ್ದೆಲ್ಲ ಅಂಟಿಕೊಂಡಿರೋದು ಅವುಗಳಿಗೇ. ಅವು ಕೂಡಿಕೊಳ್ಳಲು ಕನಿಷ್ಠ ಆರು ವಾರ ಬೇಕು. ಮಾವನ ವಿಷಯದಲ್ಲಿ ಅಪಾಯದ ಜಾಗ ಬೇರೆ. ಅವರ ಆಪರೇಷನ್‌ನಲ್ಲಿ ಭುಜದ ಮುಂಭಾಗದಿಂದ ಒಳಗೆ ಹೋಗಿದ್ದರು. ದಾರಿಗೆ ಅಡ್ಡ ಬರುವ ಸಬ್‌ಸ್ಕ್ಯಾಪುಲಾರಿಸ್ ಎಂಬ ಸ್ನಾಯುವನ್ನು ಬಿಡಿಸಿ, ಕೊನೆಗೆ ಮತ್ತೆ ಹೊಲಿದಿದ್ದರು. ಆ ಹೊಲಿಗೆ ಮಾಗುವವರೆಗೆ ಕೈಯನ್ನು ಹೊರಕ್ಕೆ ಹೆಚ್ಚು ತಿರುಗಿಸುವಂತಿಲ್ಲ, ಬಲ ಹಾಕಿ ಒಳಕ್ಕೂ ಎಳೆಯುವಂತಿಲ್ಲ. ಭಾರವಾದ ಬಾಗಿಲನ್ನು ತನ್ನ ಕಡೆ ಎಳೆದುಕೊಂಡರೂ ತಪ್ಪೇ.

ಆಯಿಗೆ ಇರುವ ದೊಡ್ಡ ನಿಷೇಧ ಅದಲ್ಲ. ರಿವರ್ಸ್ ಕೀಲು ಹೆಚ್ಚಾಗಿ ಜಾರೋದು ಮುಂದಕ್ಕೆ. ಕೈ ಬೆನ್ನಹಿಂದೆ ಹೋಗಿ, ಮೈಗೆ ಅಂಟಿ, ಒಳಕ್ಕೆ ತಿರುಗಿದರೆ ಮೂರೂ ಸೇರಿ ಕೀಲನ್ನು ಹೊರಗೆ ತಳ್ಳುತ್ತವೆ. ಸುಮಾರು ಹನ್ನೆರಡು ವಾರ ಇದನ್ನು ತಪ್ಪಿಸಬೇಕು. ಪುಸ್ತಕದಲ್ಲಿ ಇದು ಒಂದು ಸಾಲು. ಮನೆಯಲ್ಲಿ ಅದು ಏನೇನು ಗೊತ್ತಾ? ಸೀರೆಯನ್ನು ಹಿಂದೆ ಸಿಗಿಸೋದು. ಕುಪ್ಪಸ ಸರಿಮಾಡಿಕೊಳ್ಳೋದು. ಶೌಚಕ್ಕೆ ಹೋದಾಗ ಕೈ ಹಿಂದೆ ಹೋಗೋದು. ನೆಲದ ಮೇಲೆ ಕೂತವರು ಎದ್ದೇಳುವಾಗ ಕೈಯನ್ನು ಹಿಂದೆ ಊರೋದು, ಇದು ಎಲ್ಲಕ್ಕಿಂತ ಅಪಾಯ. ಚಾಪೆ ಮೇಲೆ ಕೂತು ಊಟ ಮಾಡುವ ನಮ್ಮ ಕಡೆಯ ಮನೆಗಳಿಗೆ ವಿದೇಶಿ ಕೈಪಿಡಿಯಲ್ಲಿರುವ "ಕುರ್ಚಿಯ ಕೈ ಒತ್ತಿ ಏಳಬೇಡಿ" ಅನ್ನೋ ಮಾತು ಸಾಲದು. ಆಯಿಗಾಗಿ ಹಾಸಿಗೆ ಎತ್ತರ ಮಾಡಿದರು, ಮುಂದೆ ಗುಂಡಿ ಇರುವ ಸಡಿಲ ಕುಪ್ಪಸ ಹೊಲಿಸಿದರು, ನೆಲಕ್ಕೆ ಕೂರೋದು ಬಂದ್. ಮೇಡಂ ಹೇಳಿಕೊಟ್ಟ ಒಂದು ಸೂತ್ರ ನೆನಪಿಡಲು ಸುಲಭ: ಮೊಣಕೈ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು. ಮಲಗಿದಾಗ ತೋಳಿನ ಕೆಳಗೆ ದಿಂಬು ಇಡೋದು ಇದಕ್ಕೇ. ಬಸ್ ಹತ್ತುವಾಗ ಬಾಗಿಲ ಸರಳು ಹಿಡಿದು ಜಗ್ಗಿಕೊಳ್ಳೋದು ಮಾತ್ರ ಇಬ್ಬರಿಗೂ ಬೇಡ.

ಹಾಗಾದರೆ ಆರು ವಾರ ಸುಮ್ಮನೆ ಇರಬೇಕಾ? ಇಲ್ಲ. ಜೋಳಿಗೆಯಲ್ಲಿ ಕೈ ಇದ್ದಾಗಲೇ ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಬೇಕು. ಆಯಿ ರಬ್ಬರ್ ಚೆಂಡು ಒತ್ತಲು ಒಪ್ಪಲಿಲ್ಲ, ರೊಟ್ಟಿ ಹಿಟ್ಟಿನ ಮುದ್ದೆ ಕೊಟ್ಟರೆ ಸಂತೋಷವಾಗಿ ಹಿಸುಕಿದರು. ಹೆಗಲ ಮೂಳೆಗಳನ್ನು ಮೆಲ್ಲಗೆ ಹಿಂದಕ್ಕೆ ಸೇರಿಸಿ ಬಿಡುವ ಅಭ್ಯಾಸವೂ ಬೇಗನೆ ಶುರುವಾಗುತ್ತದೆ. ಕೈ ಮೇಲೆತ್ತಿದಾಗ ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಹೆಗಲ ಮೂಳೆಯ ಚಲನೆಯೇ, ಇದನ್ನು 1944ರಲ್ಲಿ ಇನ್ಮನ್ ಮತ್ತು ಜೊತೆಗಾರರು ಅಳೆದು ತೋರಿಸಿದ್ದರು. ರಿವರ್ಸ್ ಕೀಲಿನವರಿಗೆ ಈ ಪಾಲು ಇನ್ನೂ ಹೆಚ್ಚು. ಭುಜದ ಮಟ್ಟಿಗೆ ಈ ಅವಧಿಯಲ್ಲಿ ಬೇರೆಯವರು ಇಲ್ಲವೇ ತನ್ನದೇ ಇನ್ನೊಂದು ಕೈ ಅದನ್ನು ಚಲಿಸಬೇಕು, ಭುಜದ ಸ್ನಾಯು ಎಳೆಯಬಾರದು. ಯಾವ ವಾರದಲ್ಲಿ ಎಷ್ಟು ಡಿಗ್ರಿ ಅನ್ನೋದು ಆಪರೇಷನ್ ಮಾಡಿದ ಡಾಕ್ಟರ ಚೀಟಿಯಲ್ಲಿ ಇರುತ್ತದೆ. ಆ ಚೀಟಿಯನ್ನು ನಾವು ಮೊದಲು ಓದಿರಲಿಲ್ಲ. ಅದು ಎಕ್ಸ್‌ರೇ ಕವರಿನಲ್ಲೇ ಇತ್ತು.

ಆರು ವಾರದ ನಂತರ ನಿಜವಾದ ಆಟ ಶುರು, ಮತ್ತು ಇಲ್ಲಿ ಟಾರ್ಕ್ ನಮ್ಮ ಕಡೆ ಬರುತ್ತದೆ. ಆಯಿಯನ್ನು ಅಂಗಾತ ಮಲಗಿಸಿ, ಎಡಗೈಯಿಂದ ಬಲಗೈಯನ್ನು ಹಿಡಿದು ಸೂರಿನ ಕಡೆ ನೇರ ಎತ್ತಿಸುತ್ತಾರೆ. ಅಲ್ಲಿ ಎಡಗೈ ಬಿಟ್ಟರೆ? ತೋಳಿನ ತೂಕ ನೇರ ಕೀಲಿನ ಮೂಲಕ ಕೆಳಗಿಳಿಯುತ್ತದೆ. ದೂರ ಸೊನ್ನೆ, ಟಾರ್ಕ್ ಸೊನ್ನೆ. ಡೆಲ್ಟಾಯ್ಡ್ ಬರೀ ಸಮತೋಲನ ನೋಡಿಕೊಂಡರೆ ಸಾಕು. ಅಲ್ಲಿಂದ ಅಂಗೈಯಗಲ ಮುಂದೆ, ಅಂಗೈಯಗಲ ಹಿಂದೆ ತೂಗಿಸಬೇಕು. ಅದು ಸಲೀಸಾದ ಮೇಲೆ ಬೆನ್ನ ಹಿಂದೆ ದಿಂಬು ಇಟ್ಟು ಮೈಯನ್ನು ಏರಿಸುತ್ತಾ ಹೋಗಬೇಕು. ಮೈ 30 ಡಿಗ್ರಿ ಏರಿದರೆ, ಮೈಗೆ ಲಂಬವಾಗಿರುವ ಕೈ ಕೂಡ 30 ಡಿಗ್ರಿ ವಾಲುತ್ತದೆ. ಸೈನ್ 30 ಅಂದರೆ ಅರ್ಧ. ಕೂತು ಎತ್ತುವಾಗಿನ ಭಾರದಲ್ಲಿ ಸರಿಯಾಗಿ ಅರ್ಧ. 45ಕ್ಕೆ 0.7. ಡಂಬೆಲ್ ಇಲ್ಲ, ಜಿಮ್ ಇಲ್ಲ, ದಿಂಬುಗಳ ಲೆಕ್ಕದಲ್ಲೇ ಭಾರ ಏರುತ್ತದೆ. ಹಾವೇರಿಯವನು ಮೊಬೈಲಿನ ಇಳಿಜಾರು ಅಳೆಯುವ ಆ್ಯಪ್ ಇಟ್ಟು ಪ್ರತಿ ಭಾನುವಾರ ಕೋನ ಬರೆದಿಟ್ಟ. ಇಷ್ಟು ಶ್ರದ್ಧೆಯಿಂದ ಅವನು ಯಾವ ಲ್ಯಾಬ್ ರೆಕಾರ್ಡನ್ನೂ ಬರೆದವನಲ್ಲ.

ಎರಡನೇ ಉಪಾಯ ಮೊಣಕೈ ಮಡಚೋದು. ಮಡಚಿದರೆ ತೋಳಿನ ಗುರುತ್ವ ಕೇಂದ್ರ ಭುಜದ ಹತ್ತಿರ ಬರುತ್ತದೆ, ಅದೇ ಕೈ ಹಗುರಾಗುತ್ತದೆ. ಮೊದಲು ಮಡಚಿ ಎತ್ತಬೇಕು, ಆಮೇಲೆ ನಿಧಾನವಾಗಿ ಬಿಡಿಸಬೇಕು. ಟೇಬಲ್ ಮೇಲೆ ಟವೆಲ್ ಇಟ್ಟು ಒರೆಸಿದಂತೆ ಮುಂದಕ್ಕೆ ಜಾರಿಸೋದು, ಗೋಡೆ ಮೇಲೆ ಬೆರಳು ನಡೆಸುತ್ತಾ ಮೇಲೇರೋದು, ಇವೆಲ್ಲ ಭಾರದ ಒಂದು ಪಾಲನ್ನು ಟೇಬಲ್‌ಗೋ ಗೋಡೆಗೋ ಒಪ್ಪಿಸುವ ದಾರಿಗಳು. ನಮ್ಮ ಬಾಗಿಲಿನ ಗಡಗಡೆ ಯಂತ್ರ ಕೂಡ ಕೊನೆಗೆ ಉಪಯೋಗಕ್ಕೆ ಬಂತು, ಎಂಟನೇ ವಾರದಲ್ಲಿ, ಮೇಡಂ ಒಪ್ಪಿದ ಮೇಲೆ.

ರಬ್ಬರ್ ಬ್ಯಾಂಡ್, ಭಾರ, ಇವೆಲ್ಲ ಸಾಮಾನ್ಯವಾಗಿ ಹನ್ನೆರಡು ವಾರ ಕಳೆದ ಮೇಲೆ. ಹಂತಹಂತವಾಗಿ ಭಾರ ಏರಿಸಿ ಸ್ನಾಯು ಬೆಳೆಸುವ ಪದ್ಧತಿಯನ್ನು ವೈದ್ಯಕೀಯಕ್ಕೆ ತಂದವರಲ್ಲಿ ಮುಖ್ಯರು ಥಾಮಸ್ ಡಿಲಾರ್ಮ್. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಅಮೆರಿಕದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಾ ಅವರು 1945ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ಜಿಮ್‌ನಲ್ಲಿ ನಾವು ಹತ್ತು ಹತ್ತರ ಸೆಟ್ ಹೊಡೆಯೋದು ಆ ಆಸ್ಪತ್ರೆಯ ಋಣ. ಒಂದು ವಿಷಯ ಮಾತ್ರ ತಿಳಿದಿರಬೇಕು: ಮೊದಲ ಕೆಲವು ವಾರಗಳಲ್ಲಿ ಶಕ್ತಿ ಹೆಚ್ಚಿದಂತೆ ಕಾಣೋದು ಸ್ನಾಯು ದಪ್ಪಗಾಗಿ ಅಲ್ಲ, ಮಿದುಳು ಮತ್ತು ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಕಲಿತು. ರಿವರ್ಸ್ ಕೀಲಿನಲ್ಲಂತೂ ಡೆಲ್ಟಾಯ್ಡ್ ಹೊಸ ಕೋನದಿಂದ ಎಳೆಯೋದನ್ನು ಕಲಿಯಬೇಕು. ಆದ್ದರಿಂದ ದಿನಕ್ಕೊಮ್ಮೆ ಸುಸ್ತಾಗುವಷ್ಟು ಮಾಡುವುದಕ್ಕಿಂತ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಮಾಡೋದು ಒಳ್ಳೆಯದು. ವ್ಯಾಯಾಮದ ನೋವು ಮರುದಿನ ಬೆಳಿಗ್ಗೆಯೊಳಗೆ ಇಳಿಯಬೇಕು. ಇಳಿಯದಿದ್ದರೆ ನಿನ್ನೆಯದು ಜಾಸ್ತಿಯಾಯ್ತು ಅಂತ ಅರ್ಥ. ಭುಜದ ತುದಿಯ ಮೂಳೆಯ ಮೇಲೆಯೇ ಹೊಸ ನೋವು ಬಂದರೆ ವ್ಯಾಯಾಮ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಬಿಗಿಯಾದ ಡೆಲ್ಟಾಯ್ಡ್ ಎಳೆದೆಳೆದು ಅಲ್ಲಿ ಕೂದಲೆಳೆ ಬಿರುಕು ಬರೋದುಂಟು. ಜ್ವರ, ಗಾಯದಿಂದ ರಸ, ಎತ್ತುತ್ತಿದ್ದ ಕೈ ಇದ್ದಕ್ಕಿದ್ದಂತೆ ಏಳದಿರೋದು, ಇವಕ್ಕೆ ನಾಳೆ ಅನ್ನಬೇಡಿ.

ಊಟದ ಮಾತು ಚುಟುಕಾಗಿ. ಆರೋಗ್ಯವಂತರಿಗೆ ದಿನಕ್ಕೆ ದೇಹದ ಪ್ರತಿ ಕೆ.ಜಿ.ಗೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ವಯಸ್ಸಾದವರು ಆಪರೇಷನ್ನಿಂದ ಚೇತರಿಸಿಕೊಳ್ಳುವಾಗ 1.2ರಿಂದ 1.5 ಗ್ರಾಂ ಬೇಕು ಅಂತಾರೆ, ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿಯೇ ಹೆಚ್ಚಿಸಬೇಕು. 60 ಕೆ.ಜಿ.ಯವರಿಗೆ 72ರಿಂದ 90 ಗ್ರಾಂ. ಆಯಿ ತಿನ್ನುತ್ತಿದ್ದದ್ದು ಎರಡು ರೊಟ್ಟಿ, ಪಲ್ಯ, ಮಜ್ಜಿಗೆ, ಅರ್ಧವೂ ಆಗುತ್ತಿರಲಿಲ್ಲ. ಮೊಟ್ಟೆ ಅವರು ಮುಟ್ಟೋದಿಲ್ಲ. ಹೆಸರುಕಾಳು ಉಸುಳಿ, ದಪ್ಪ ಬ್ಯಾಳಿ, ಮೊಸರು, ದಿನಾ ಒಂದು ಮುಷ್ಟಿ ಶೇಂಗಾ ಸೇರಿಸಿದರು. ಪ್ರೋಟೀನ್ ಪುಡಿಯ ಡಬ್ಬಿ ತರಲು ಹೊರಟಿದ್ದ ನಮಗೆ ಬೈಗುಳ ಸಿಕ್ಕಿತು.

ಆಯಿ ಮೊದಲ ದಿನದಿಂದ ಕೇಳುತ್ತಿದ್ದದ್ದು ಒಂದೇ, "ನಾ ಮತ್ತ ಕಾಯಿ ಬಿಡಸಾಕ ಹೋಗಬಹುದೇನು?" ಕೂಲಿ ಹೋಗುತ್ತದೆ ಅನ್ನೋದು ಒಂದು, ಜೊತೆಯವರ ಮಾತುಕತೆ ಹೋಗುತ್ತದೆ ಅನ್ನೋದು ಇನ್ನೊಂದು. ಮೇಡಂ ಈ ಪ್ರಶ್ನೆಗೆ ನಮ್ಮನ್ನೇ ಬ್ಯಾಡಗಿಗೆ ಕಳಿಸಿ, ಕೆಲಸ ನೋಡಿಕೊಂಡು ಬರಲು ಹೇಳಿದರು. ಹೋಗಿ ನೋಡಿದೆವು. ತೊಟ್ಟು ಮುರಿಯುವಾಗ ಮೊಣಕೈ ಮೈಗೆ ಹತ್ತಿರ, ಕೈ ಮಡಿಲಲ್ಲಿ. ಲಿವರ್ ಚಿಕ್ಕದು, ಭುಜಕ್ಕೆ ಹೆಚ್ಚು ಕೆಲಸವಿಲ್ಲ. ಕಷ್ಟ ಬೇರೆ ಕಡೆ ಇದೆ. ರಾಶಿಯಿಂದ ಕಾಯಿ ಎಳೆದುಕೊಳ್ಳಲು ಕೈ ಪೂರ್ತಿ ಚಾಚುತ್ತಾರೆ, ತುಂಬಿದ ಬುಟ್ಟಿ ಎತ್ತುತ್ತಾರೆ, ನೆಲಕ್ಕೆ ಕೈ ಊರಿ ಏಳುತ್ತಾರೆ. ಈ ಮೂರನ್ನು ಬಿಟ್ಟರೆ ಕೆಲಸ ಮಾಡಬಹುದು. ರಾಶಿ ಹತ್ತಿರ ಇರಬೇಕು, ಕೂರಲು ಎತ್ತರದ ಮಣೆ ಬೇಕು, ಬುಟ್ಟಿಯನ್ನು ಬೇರೆಯವರು ಎತ್ತಬೇಕು. ಜೊತೆಯ ಹೆಂಗಸರು ಇದಕ್ಕೆಲ್ಲ ಒಂದೇ ಮಾತಿಗೆ ಒಪ್ಪಿದರು. ಹಮಾಲರ ಚೀಲದಂಥ ಭಾರ ಮಾತ್ರ ಈ ಭುಜಕ್ಕೆ ಜನ್ಮದಲ್ಲಿ ಬೇಡ, ಮಾವನ ಭುಜಕ್ಕೂ ಬೇಡ.

ಆ ಸೀಸನ್ ಆಯಿಗೆ ತಪ್ಪಿತು. ಈಗ ಎಂಟು ತಿಂಗಳು. ಕೈ ಮುಂದಕ್ಕೆ 120 ಡಿಗ್ರಿಯವರೆಗೆ ಏಳುತ್ತದೆ. ತಲೆ ಬಾಚಿಕೊಳ್ಳುತ್ತಾರೆ, ತುರುಬು ಕಟ್ಟಲು ಸೊಸೆ ಬೇಕು. ನಾಲ್ಕನೇ ತಿಂಗಳಲ್ಲಿ ಯಾರಿಗೂ ಹೇಳದೆ ರೊಟ್ಟಿ ಬಡಿದಿದ್ದರು, ಕೇಳಿ ಮೇಡಂ ಬೈಯಲಿಲ್ಲ. ಮೊಣಕೈ ಮಡಚಿಯೇ ಬಡಿಯೋದಲ್ವಾ, ಎರಡು ರೊಟ್ಟಿಯಿಂದ ಶುರುಮಾಡಿ ವಾರಕ್ಕೊಂದು ಏರಿಸ್ರಿ ಅಂದರು. ಈಗ ಹತ್ತಕ್ಕೆ ಬಂದಿದ್ದಾರೆ. ಅಡುಗೆಮನೆಯ ಮೇಲಿನ ಹಲಗೆಯ ಬೆಲ್ಲದ ಡಬ್ಬಿ ಇನ್ನೂ ನಾಲ್ಕು ಬೆರಳು ದೂರದಲ್ಲಿದೆ. ಶಕ್ತಿ ಒಂದು ವರ್ಷದವರೆಗೂ ಹೆಚ್ಚುತ್ತಾ ಹೋಗಬಹುದು ಅಂತಾರೆ, ಹಾಗಾಗಿ ಡಬ್ಬಿಯನ್ನು ಕೆಳಗಿಡಲು ಆಯಿ ಬಿಡುತ್ತಿಲ್ಲ. ಅವತ್ತಿನ ನೀರಿನ ಬಾಟಲಿಯನ್ನು ಹೋದ ಭಾನುವಾರ ಅವರೇ ಕೇಳಿ ಇಸಿದುಕೊಂಡರು. ಅರ್ಧ ನೀರು ತುಂಬಿ, ಮೊಣಕೈ ಮಡಚಿ, ಹತ್ತು ಸಲ ಎತ್ತಿದರು. ಹಾವೇರಿಯವನು ಅದನ್ನೂ ಬರೆದಿಟ್ಟ.